ನಾಯಕರ ಜೇಬಿನಲ್ಲಿದ್ದ ದಾರಿ

ಹೆಂಗಸರಿಗೆ ದಿಕ್ಕು ತಿಳಿಯುವುದಿಲ್ಲವಂತೆ. ಈ ಮಾತನ್ನು ಮೊದಲು ಯಾರ ಬಾಯಿಂದ ಕೇಳಿದೆನೋ ನೆನಪಿಲ್ಲ. ಎಲ್ಲ ಹೆಣ್ಣುಮಕ್ಕಳ ಹಾಗೆ ನಾನೂ ಇದನ್ನು ಕೇಳುತ್ತಲೇ ಬೆಳೆದವಳು. ಸ್ಕೂಟರಿನ ಹಿಂದೆ ಕೂತು "ಇಲ್ಲೇ ಎಡಕ್ಕೆ" ಎಂದರೆ "ನೀನು ಸುಮ್ನಿರು, ನಂಗೊತ್ತು" ಎಂಬ ಉತ್ತರ. ಮೂರು ಬೀದಿ ಸುತ್ತಿ ಕೊನೆಗೆ ಅದೇ ತಿರುವಿಗೆ ಬಂದು ನಿಂತರೂ ದಿಕ್ಕು ತಿಳಿಯದವಳೆಂಬ ಬಿರುದು ನನಗೇ. ಮದುವೆಮನೆಯ ಕರೆಯೋಲೆ ಹಂಚಲು ಹೊರಟರೆ ಯಾವ ಓಣಿಯಲ್ಲಿ ಯಾರ ಮನೆ, ಗಿರಣಿಯ ಹಿಂದಿನ ಸಂದಿಯಿಂದ ಹೋದರೆ ಎಷ್ಟು ಹತ್ತಿರ, ಎಲ್ಲಿ ನಾಯಿ ಕಟ್ಟಿರುವುದಿಲ್ಲ ಎಂಬುದೆಲ್ಲ ನಮಗೇ ಗೊತ್ತಿರುತ್ತದೆ. ಆದರೂ ದಾರಿ ಎಂಬ ಶಬ್ದ ಬಂದ ಕೂಡಲೇ ನಕ್ಷೆ ಗಂಡಸರ ಕೈಗೆ ಹೋಗುತ್ತದೆ, ಬುತ್ತಿಯ ಚೀಲ ನಮ್ಮ ಕೈಗೆ ಬರುತ್ತದೆ.

ಈ ಸಣ್ಣ ವಿಷಯಕ್ಕೆ ಜಗಳ ಬೇಕೆ ಎಂದು ನೀವು ಕೇಳಬಹುದು. ಊರೊಳಗಾದರೆ ಬೇಡ. ಮೂರು ಬೀದಿ ಹೆಚ್ಚು ಸುತ್ತಿದರೆ ಪೆಟ್ರೋಲ್ ಖರ್ಚಾಗುತ್ತದೆ, ಅಷ್ಟೆ. ಆದರೆ ಈಗ ನಮ್ಮಂಥ ಊರುಗಳ ಹೆಂಗಸರು ಬೆಟ್ಟ ಹತ್ತಲು ಹೊರಟಿದ್ದೇವೆ. ಬ್ಯಾಂಕಿನವರು, ಟೀಚರುಗಳು, ಮಕ್ಕಳು ದೊಡ್ಡವರಾಗಿ ಮನೆ ಖಾಲಿಯಾದ ನನ್ನಂಥವರು ಬೂಟು ಕೊಂಡು, ಬೆನ್ನಿಗೆ ಚೀಲ ಹಾಕಿ ಕುದುರೆಮುಖ, ಕೊಡಚಾದ್ರಿ, ತಡಿಯಂಡಮೋಳ್ ಎಂದು ಹೋಗುತ್ತಿದ್ದೇವೆ. ಅಲ್ಲಿಗೂ ಈ ಹಳೆಯ ಮಾತು ನಮ್ಮ ಹಿಂದೆಯೇ ಬಂದಿದೆ. ಅಲ್ಲಿ ಅದರ ಬೆಲೆ ಪೆಟ್ರೋಲಿನದಲ್ಲ. ಆದ್ದರಿಂದ ಈ ಜಗಳ.

2017ರ ಡಿಸೆಂಬರಿನಲ್ಲಿ ನಮ್ಮೂರಿನ ಚಾರಣ ತಂಡವೊಂದರ ಜೊತೆ ಕುಮಾರ ಪರ್ವತಕ್ಕೆ ಹೋಗಿದ್ದೆ. ನಾವು ಇಪ್ಪತ್ತೆರಡು ಜನ, ಅದರಲ್ಲಿ ಹೆಂಗಸರು ಏಳು. ನಾಯಕರು ಒಳ್ಳೆಯವರು, ಅನುಭವಸ್ಥರು. ಅವರ ಸೊಂಟದಲ್ಲಿ ಅಂಗೈಯಗಲದ ಒಂದು ಜಿ.ಪಿ.ಎಸ್. ಯಂತ್ರ ನೇತಾಡುತ್ತಿತ್ತು. ಹಿಂದಿನ ರಾತ್ರಿ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ ಮುಗಿಸಿ ಕೂತಿದ್ದಾಗ ಅದನ್ನೊಮ್ಮೆ ನೋಡಬೇಕೆಂದು ಕೇಳಿದೆ. "ಅದೆಲ್ಲ ಟೆಕ್ನಿಕಲ್ ಮೇಡಂ. ನೀವು ನನ್ನ ಹಿಂದೆ ಬನ್ನಿ, ಸಾಕು" ಎಂದು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳು ಕತ್ತರಿ ಕೇಳಿದರೆ ನಾವು ನಗುವ ಹಾಗೆ.

ಮರುದಿನ ಶೇಷಪರ್ವತ ದಾಟಿ, ಕಾಡಿನೊಳಗೆ ಇಳಿದು, ಬಂಡೆ ಹತ್ತಿ, 1712 ಮೀಟರಿನ ತುದಿ ಮುಟ್ಟಿದೆವು. ವಾಪಸು ಬರುವಾಗ ಅದೇ ಕಾಡು, ಮಂಜು ಇಳಿಯುತ್ತಿತ್ತು. ನನಗೆ ಒಂದಕ್ಕೆ ಹೋಗಬೇಕಿತ್ತು. ಇದನ್ನು ಬರೆಯಲು ಸಂಕೋಚವೇ, ಆದರೆ ಇಡೀ ಪ್ರಶ್ನೆ ಇರುವುದೇ ಇಲ್ಲಿ. ಗಂಡಸರು ಎರಡು ಹೆಜ್ಜೆ ಸರಿದು ಮರದ ಕಡೆ ತಿರುಗಿ ನಿಂತರೆ ಆಯಿತು. ನಾವು ಹಾಗೆ ಮಾಡಲಾಗುತ್ತದೆಯೆ? ಹದಿನೈದು ಗಂಡಸರು ಹಿಂದೆ ಮುಂದೆ ನಡೆಯುತ್ತಿರುವಾಗ ನಾವು ದಾರಿ ಬಿಟ್ಟು, ಇಳಿಜಾರಿನಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ದೂರ ಹೋಗಬೇಕು. ನಾನು ಮೂವತ್ತು ನಲವತ್ತು ಹೆಜ್ಜೆ ಇಳಿದೆ. ಅಷ್ಟೆ. ಎದ್ದು ಬಂದ ಕಡೆಗೇ ಹತ್ತಿದೆನೆಂದುಕೊಂಡೆ. ಸಿಕ್ಕಿದ್ದೊಂದು ಕಾಲುದಾರಿ. ಅದು ಮನುಷ್ಯರದ್ದಲ್ಲ, ಕಾಟಿಗಳದ್ದು ಎಂದು ನೂರು ಹೆಜ್ಜೆ ನಡೆದ ಮೇಲೆ ಸಗಣಿ ನೋಡಿ ಗೊತ್ತಾಯಿತು.

ಮುಂದಿದ್ದ ಹೆಂಗಸರು ನಾನು ಹಿಂದಿದ್ದೇನೆ ಎಂದುಕೊಂಡರು. ಹಿಂದಿದ್ದ ಗಂಡಸರು ನಾನು ಹೆಂಗಸರ ಜೊತೆ ಮುಂದೆ ಹೋದೆ ಎಂದುಕೊಂಡರು. ಫೋನಿಗೆ ಸಿಗ್ನಲ್ ಇಲ್ಲ. ಕೂಗಿದೆ. ಮಂಜಿನಲ್ಲಿ ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. ಮೂರು ಕಾಲು ಗಂಟೆಯಾಗಿತ್ತು, ಕಾಡಿನೊಳಗೆ ಆಗಲೇ ಸಂಜೆ. ನಲವತ್ತೈದು ನಿಮಿಷ ಒಂದು ಬಂಡೆಗೆ ಒರಗಿ ನಿಂತಿದ್ದೆ. ಆ ಹೊತ್ತಿನಲ್ಲಿ ಏನೇನು ಯೋಚಿಸಿದೆನೆಂದು ಇಲ್ಲಿ ಹೇಳಲಾರೆ. ನಗು ಬರುವಂಥದ್ದೂ ಇತ್ತು: ಫ್ರಿಜ್ಜಿನಲ್ಲಿಟ್ಟ ಹೆಪ್ಪಿನ ಮೊಸರನ್ನು ಯಾರೂ ನೋಡುವುದಿಲ್ಲವಲ್ಲ ಎಂದು ಚಿಂತೆಯಾಯಿತು.

ನನ್ನನ್ನು ಉಳಿಸಿದ್ದು ಚಕ್ಕುಲಿ. ಶೇಷಪರ್ವತದ ಮೇಲೆ ಕೂತು ನನ್ನ ನಾದಿನಿ ಚಕ್ಕುಲಿ ಹಂಚಿದಳಂತೆ. ಒಂದು ಪಾಲು ಉಳಿಯಿತು. ಅವಳು ಗಟ್ಟಿಗಿತ್ತಿ. ಅಲ್ಲಿಂದಲೇ ಕಿರುಚುತ್ತಾ ಎಲ್ಲರನ್ನೂ ತಿರುಗಿಸಿಕೊಂಡು ಬಂದಳು. ಸಿಕ್ಕಾಗ ನಾನು ದಾರಿಯಿಂದ ಹೆಚ್ಚೆಂದರೆ ಇನ್ನೂರು ಅಡಿ ದೂರದಲ್ಲಿದ್ದೆ. ನಾಯಕರು ನೀರು ಕೊಟ್ಟರು, ಶಾಲು ಹೊದಿಸಿದರು, ಆಮೇಲೆ ವಾತಾವರಣ ತಿಳಿಮಾಡಲು "ಅದಕ್ಕೇ ಹೇಳೋದು, ಲೇಡೀಸಿಗೆ ಡೈರೆಕ್ಷನ್ ಸೆನ್ಸ್ ಇಲ್ಲ ಅಂತ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗೆಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವತ್ತು ರಾತ್ರಿ ಬಸ್ಸಿನಲ್ಲಿ ನನಗೆ ಹೊಳೆದದ್ದು ಇಷ್ಟು. ಅವರ ಸೊಂಟದ ಯಂತ್ರಕ್ಕೆ ಎಲ್ಲ ಗೊತ್ತಿತ್ತು. ನಾಯಕರು ಎಲ್ಲಿ ನಡೆದರು, ಎಲ್ಲಿ ನಿಂತರು, ಎಷ್ಟು ಹತ್ತಿದರು ಎಂಬುದನ್ನು ಅದು ಗೆರೆ ಎಳೆದು ಇಟ್ಟುಕೊಂಡಿತ್ತು. ಅದಕ್ಕೆ ಗೊತ್ತಿಲ್ಲದಿದ್ದದ್ದು ಒಂದೇ: ನಾನೆಲ್ಲಿದ್ದೇನೆ ಎಂಬುದು. ಗೊತ್ತಾಗುವುದಾದರೂ ಹೇಗೆ? ಆ ಯಂತ್ರ ತನ್ನನ್ನು ಹೊತ್ತವರಿಗೆ ಮಾತ್ರ ದಾರಿ ಹೇಳುತ್ತದೆ. ಪಕ್ಕದವರಿಗೆ ಅದು ಸೊಂಟದ ಒಡವೆ. ಮತ್ತೆ ಗುಂಪಿನಲ್ಲಿ ದಾರಿ ಬಿಟ್ಟು ಹೋಗಬೇಕಾಗುವವರು ಯಾರು? ಎಂದೂ ದಾರಿ ಬಿಡದೆ ಮುಂದೆ ನಡೆಯುವ ನಾಯಕರಲ್ಲ, ನಾವು. ಬೇಕಾದವರ ಕೈಯಲ್ಲಿಲ್ಲ, ಬೇಡದವರ ಸೊಂಟದಲ್ಲಿದೆ.

ಇದು ಒಬ್ಬಳ ಅಳಲೆಂದು ತಳ್ಳಿಹಾಕುವವರಿಗೆ ಅಮೆರಿಕದ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಜಾರ್ಜಿಯಾದಿಂದ ಮೈನ್ ರಾಜ್ಯದವರೆಗೆ 3,500 ಕಿಲೋಮೀಟರ್ ಉದ್ದದ ಅಪಲೇಶಿಯನ್ ಟ್ರೇಲ್ ಎಂಬ ಕಾಲುದಾರಿಯಿದೆ. 2013ರ ಜುಲೈನಲ್ಲಿ ಅರವತ್ತಾರು ವರ್ಷದ ಒಬ್ಬ ನಿವೃತ್ತ ನರ್ಸ್ ಮೈನ್ ಕಾಡಿನಲ್ಲಿ ದಾರಿಯಿಂದ ಪಕ್ಕಕ್ಕೆ ಹೋದರು. ಕಾರಣ ನನ್ನದೇ. ತಿರುಗಿ ಬರಲು ದಾರಿ ಸಿಗಲಿಲ್ಲ. ಗಂಡನಿಗೆ ಕಳಿಸಿದ ಸಂದೇಶಗಳು ಸಿಗ್ನಲ್ ಇಲ್ಲದೆ ಫೋನಿನಲ್ಲೇ ಉಳಿದವು. ಡೇರೆ ಹಾಕಿಕೊಂಡು, ಡೈರಿ ಬರೆಯುತ್ತಾ, ಮೂರು ವಾರಕ್ಕೂ ಹೆಚ್ಚು ಕಾಲ ಜೀವ ಹಿಡಿದುಕೊಂಡಿದ್ದರು. ದೊಡ್ಡ ಹುಡುಕಾಟವೇ ನಡೆಯಿತು. ಅವರ ಅವಶೇಷ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ, ಕಾಲುದಾರಿಯಿಂದ ಕೆಲವೇ ಕಿಲೋಮೀಟರಿನೊಳಗೆ. ಅವರ ಬಳಿ ಉಪಗ್ರಹದ ಮೂಲಕ ತಾನಿರುವ ಜಾಗ ತಿಳಿಸುವ ಯಂತ್ರವೊಂದಿತ್ತು. ಅದನ್ನು ಹಿಂದಿನ ವಸತಿಯಲ್ಲೇ ಬಿಟ್ಟು ಬಂದಿದ್ದರು. ನಾನು ಇದನ್ನು ಓದಿದ ದಿನ ಅಡಿಗೆ ಮಾಡಲಿಲ್ಲ. ನಲವತ್ತೈದು ನಿಮಿಷ ಎಲ್ಲಿ, ಮೂರು ವಾರ ಎಲ್ಲಿ. ಆದರೆ ಮೊದಲ ನಲವತ್ತು ಹೆಜ್ಜೆ ಇಬ್ಬರದೂ ಒಂದೇ.

ಸರಿ, ಹೆಂಗಸರಿಗೆ ದಿಕ್ಕು ತಿಳಿಯುವುದಿಲ್ಲವೆಂಬ ಮಾತನ್ನೇ ನೋಡೋಣ. ಮರೆವಿನ ಕಾಯಿಲೆಯ ಸಂಶೋಧನೆಗಾಗಿ 2016ರಲ್ಲಿ 'ಸೀ ಹೀರೋ ಕ್ವೆಸ್ಟ್' ಎಂಬ ಫೋನಿನ ಆಟವೊಂದನ್ನು ಮಾಡಿದರು. ನಕ್ಷೆ ನೋಡಿಕೊಂಡು ದೋಣಿ ನಡೆಸುವ ಆಟ. ಲಕ್ಷಾಂತರ ಜನ ಆಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಗಂಡಸರು ಹೆಂಗಸರಿಗಿಂತ ಮುಂದಿದ್ದರು, ಇದನ್ನು ಮುಚ್ಚಿಡುವುದಿಲ್ಲ. ಆದರೆ ಆ ಅಂತರ ಎಲ್ಲ ದೇಶದಲ್ಲೂ ಒಂದೇ ಸಮ ಇರಲಿಲ್ಲ. ಹೆಣ್ಣು ಗಂಡಿನ ನಡುವೆ ಸಮಾನತೆ ಹೆಚ್ಚಿರುವ ದೇಶಗಳಲ್ಲಿ ಅಂತರ ಕಡಿಮೆ, ಅಸಮಾನತೆ ಹೆಚ್ಚಿರುವ ಕಡೆ ಅಂತರ ಹೆಚ್ಚು. ಹುಟ್ಟಿನಿಂದ ಬಂದ ಕೊರತೆಯಾಗಿದ್ದರೆ ಗಡಿ ದಾಟಿದ ಕೂಡಲೇ ಅದು ಹಿಗ್ಗುವುದು ಕುಗ್ಗುವುದು ಹೇಗೆ? ಹುಡುಗ ಸೈಕಲ್ ಹತ್ತಿ ಊರ ಹೊರಗಿನ ಕೆರೆಗೆ ಹೋಗುತ್ತಾನೆ, ದಾರಿ ತಪ್ಪುತ್ತಾನೆ, ಕತ್ತಲಾದ ಮೇಲೆ ಬಂದು ಬೈಸಿಕೊಳ್ಳುತ್ತಾನೆ. ಹುಡುಗಿಗೆ ದಾರಿ ತಪ್ಪುವ ಅವಕಾಶವನ್ನೇ ನಾವು ಕೊಡುವುದಿಲ್ಲ. ತಪ್ಪದೆ ಯಾರಾದರೂ ದಾರಿ ಕಲಿತದ್ದುಂಟೆ? ಅಂದಹಾಗೆ 'ದಾರಿ ತಪ್ಪಿದವಳು' ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಇರುವ ಅರ್ಥವೇ ಬೇರೆ. 'ದಾರಿ ತಪ್ಪಿದವನು' ಎಂದರೆ ಅಷ್ಟು ಕಿವಿ ಚುಚ್ಚುವುದಿಲ್ಲ.

ಇನ್ನೂ ಒಂದು ವಿಷಯ. ಈ ಯಂತ್ರ ದಾರಿ ಹೇಳಬೇಕಾದರೆ ಭೂಮಿಯ ನಿಜವಾದ ಆಕಾರ ಗೊತ್ತಿರಬೇಕು. ಭೂಮಿ ಗುಂಡಗಿರುವ ನಿಂಬೆಹಣ್ಣಲ್ಲ. ಅಲ್ಲಲ್ಲಿ ಉಬ್ಬು ತಗ್ಗುಗಳಿರುವ ಆಲೂಗೆಡ್ಡೆಯಂಥದ್ದು. ಆ ಉಬ್ಬು ತಗ್ಗುಗಳನ್ನು ಉಪಗ್ರಹಗಳ ಅಳತೆಯಿಂದ ಲೆಕ್ಕ ಹಾಕಿದವರಲ್ಲಿ ಗ್ಲಾಡಿಸ್ ವೆಸ್ಟ್ ಎಂಬ ಕಪ್ಪು ಹೆಂಗಸು ಒಬ್ಬರು. 1930ರಲ್ಲಿ ವರ್ಜೀನಿಯಾದ ರೈತರ ಮನೆಯಲ್ಲಿ ಹುಟ್ಟಿ, 1956ರಲ್ಲಿ ಡಾಲ್‌ಗ್ರೆನ್‌ನ ನೌಕಾಪಡೆಯ ಕೇಂದ್ರದಲ್ಲಿ ಗಣಿತಜ್ಞೆಯಾಗಿ ಸೇರಿದವರು. ಜಗತ್ತು ಅವರ ಹೆಸರು ಕೇಳಿದ್ದು 2018ರಲ್ಲಿ, ಅಮೆರಿಕದ ವಾಯುಪಡೆ ಅವರನ್ನು ಗೌರವಿಸಿದಾಗ. ದಿಕ್ಕು ತಿಳಿಯದವರ ಜಾತಿಯ ಒಬ್ಬರು ಹಾಕಿದ ಲೆಕ್ಕ ಈಗ ನಮ್ಮ ನಾಯಕರ ಸೊಂಟದಲ್ಲಿದೆ. ಪ್ರಯಾಣ ಹೊರಟಾಗ ತಮಗೆ ಕಾಗದದ ನಕ್ಷೆಯೇ ಇಷ್ಟವೆಂದು ಆ ಅಜ್ಜಿ ಸಂದರ್ಶನವೊಂದರಲ್ಲಿ ಹೇಳಿದ್ದರು. ಆ ಮಾತನ್ನೂ ನಾನು ಮರೆತಿಲ್ಲ, ಮುಂದೆ ಅದಕ್ಕೆ ಬರುತ್ತೇನೆ.

ಯಂತ್ರ ಕೊಂಡೆ. ಒಂದು ಒಳ್ಳೆಯ ರೇಷ್ಮೆ ಸೀರೆಯ ಬೆಲೆ. ನಮ್ಮ ಮನೆಯವರು "ನಿನಗ್ಯಾಕೆ ಬೇಕಿತ್ತೇ ಇದು? ಫೋನಲ್ಲೇ ಎಲ್ಲ ಇದೆಯಲ್ಲ" ಎಂದರು. ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದರಲ್ಲಿ ಅರ್ಧ ನಿಜವಿದೆ. ಸಿಗ್ನಲ್ ಇಲ್ಲದಿದ್ದರೂ ಫೋನಿನೊಳಗಿನ ಜಿ.ಪಿ.ಎಸ್. ಕೆಲಸ ಮಾಡುತ್ತದೆ. ಉಪಗ್ರಹಕ್ಕೂ ಟವರಿಗೂ ಸಂಬಂಧವಿಲ್ಲ. ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡಿದ್ದರೆ ಸಾಕು. ಅವತ್ತು ಬಂಡೆಗೆ ಒರಗಿ ನಿಂತಾಗ ನನ್ನ ಕೈಯಲ್ಲೇ ಉತ್ತರವಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಯಂತ್ರ ಕೊಳ್ಳಲಾಗದವರು ಇದನ್ನಾದರೂ ಇವತ್ತೇ ಕಲಿಯಿರಿ. ಆದರೆ ಮಳೆಯಲ್ಲಿ ಒದ್ದೆ ಬೆರಳಿಗೆ ಫೋನಿನ ಗಾಜು ಮಾತು ಕೇಳುವುದಿಲ್ಲ. ಬಂಡೆಯ ಮೇಲೆ ಬಿದ್ದರೆ ಮುಗಿಯಿತು. ಫೋಟೋ, ಹಾಡು, ಟಾರ್ಚು ಎಂದು ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಡುತ್ತದೆ. ನನ್ನ ಯಂತ್ರ ಗಾರ್ಮಿನ್ ಇಟ್ರೆಕ್ಸ್ ಜಾತಿಯದು. ಎರಡು ಪೆನ್ಸಿಲ್ ಸೆಲ್ಲಿಗೆ ಇಪ್ಪತ್ತೈದು ಗಂಟೆ ಎಂದು ಕಂಪನಿಯ ಲೆಕ್ಕ. ಸೆಲ್ ಮುಗಿದರೆ ಚಾರ್ಜರ್ ಹುಡುಕಬೇಕಿಲ್ಲ, ಇನ್ನೆರಡು ಹಾಕಿದರಾಯಿತು. ಒತ್ತುವ ಗುಂಡಿಗಳಿವೆ, ಬಿಸಿಲಿನಲ್ಲೂ ಕಾಣುವ ಪರದೆಯಿದೆ. ಅಂದವಿಲ್ಲ. ಹಳೆಯ ಟ್ರಾನ್ಸಿಸ್ಟರಿನ ಹಾಗಿದೆ.

ಅದು ಕೆಲಸ ಮಾಡುವ ಬಗೆಯನ್ನು ಒಂದು ಗಂಟೆಯಲ್ಲಿ ಕಲಿತೆ. 'ಟೆಕ್ನಿಕಲ್' ಏನೂ ಇಲ್ಲ, ಮಿಕ್ಸಿಗಿಂತ ಗುಂಡಿ ಸ್ವಲ್ಪ ಹೆಚ್ಚು. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಅಮೆರಿಕದ ಉಪಗ್ರಹಗಳು ಸುತ್ತುತ್ತಾ ತಮ್ಮ ಗಡಿಯಾರದ ಹೊತ್ತನ್ನು ಸಾರುತ್ತಿರುತ್ತವೆ. ಸಂಕೇತ ಬಂದು ತಲುಪಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಕಂಡರೆ ನಮ್ಮ ಜಾಗವೂ ಎತ್ತರವೂ ಸಿಗುತ್ತವೆ. ಈ ವ್ಯವಸ್ಥೆ ಪೂರ್ತಿಯಾದದ್ದು 1995ರಲ್ಲಿ. ಆದರೆ 2000ದ ಮೇ ತಿಂಗಳವರೆಗೆ ಸೈನ್ಯದವರಿಗೆ ಒಂದು ಸಂಕೇತ, ನಮ್ಮಂಥವರಿಗೆ ಬೇಕೆಂದೇ ಕೆಡಿಸಿದ ಇನ್ನೊಂದು ಸಂಕೇತ ಇತ್ತು. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಆ ತಡೆ ತೆಗೆದ ಮೇಲೆ ಬಯಲಿನಲ್ಲಿ ಐದು ಹತ್ತು ಮೀಟರಿನ ವ್ಯತ್ಯಾಸವಷ್ಟೇ. ನಮ್ಮ ಇಸ್ರೋದವರೂ ನಾವಿಕ್ ಎಂಬ ಸ್ವಂತ ವ್ಯವಸ್ಥೆ ಕಟ್ಟಿದ್ದಾರೆ.

ನನಗೆ ಬೇಕಾದ ಕೆಲಸಗಳು ಮೂರೇ. ನಡೆಯುವ ಮೊದಲು ಚಾಲೂ ಮಾಡಿದರೆ ನಡೆದದ್ದನ್ನೆಲ್ಲ ಗೆರೆಯಾಗಿ ಬರೆದಿಡುತ್ತದೆ. ಅದೇ ಗೆರೆ ಹಿಡಿದು ವಾಪಸು ಕರೆದುಕೊಂಡು ಬರುತ್ತದೆ. ಮತ್ತೆ ಬೇಕಾದ ಜಾಗಕ್ಕೆ ಒಂದು ಗುರುತು ಹಾಕಿಡಬಹುದು. ದಾರಿ ಬಿಟ್ಟು ಇಳಿಯುವ ಮೊದಲು ಗುಂಡಿಯೊತ್ತಿ ಒಂದು ಗುರುತು. ಎರಡು ಸೆಕೆಂಡಿನ ಕೆಲಸ. ಅದೊಂದಿದ್ದಿದ್ದರೆ ಕುಮಾರ ಪರ್ವತದ ಕಾಡಿನಲ್ಲಿ ನಾನು ನಲವತ್ತೈದು ನಿಮಿಷ ನಿಲ್ಲಬೇಕಿರಲಿಲ್ಲ.

ಆದರೆ ನಡೆಯುವ ದಿನದ ಕೆಲಸ ಅರ್ಧ ಮಾತ್ರ. ನಿಜವಾದ ಬಿಡುಗಡೆ ಇರುವುದು ಹಿಂದಿನ ವಾರ ಊಟದ ಮೇಜಿನ ಮೇಲೆ ದಾರಿ ಹಾಕಿಕೊಳ್ಳುವುದರಲ್ಲಿ. ಹಿಂದೆ ಸರ್ವೇ ಆಫ್ ಇಂಡಿಯಾದ ಟೋಪೋಶೀಟ್ ಸಿಗುವುದೇ ಕಷ್ಟವಿತ್ತು. 2005ರ ನೀತಿಯಿಂದ ಸಾಮಾನ್ಯರಿಗೆಂದೇ ಬೇರೆ ನಕ್ಷೆಗಳು ಬಂದವು, 2017ರಲ್ಲಿ ಅವನ್ನು ಇಂಟರ್‌ನೆಟ್ಟಿನಿಂದ ಉಚಿತವಾಗಿ ಇಳಿಸಿಕೊಳ್ಳುವಂತಾಯಿತು. ಅದರಲ್ಲಿ ಕಂದು ಬಣ್ಣದ ಸಮೋನ್ನತಿ ರೇಖೆಗಳಿರುತ್ತವೆ. ಹೈಸ್ಕೂಲಿನ ಭೂಗೋಳದಲ್ಲಿ ಎರಡು ಅಂಕಕ್ಕೆ ಬಾಯಿಪಾಠ ಮಾಡಿ ಮರೆತಿದ್ದೆವಲ್ಲ, ಅವೇ. ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಏರು. ಸೀರೆಯ ನೆರಿಗೆಯ ಹಾಗೆ ಒತ್ತೊತ್ತಾಗಿದ್ದರೆ ಕಡಿದಾದ ಜಾಗ, ಸೆರಗಿನ ಹಾಗೆ ಹರಡಿದ್ದರೆ ಆರಾಮಾದ ಹುಲ್ಲುಗಾವಲು. ಇಷ್ಟು ತಿಳಿದ ಮೇಲೆ ಎಷ್ಟು ಹೊತ್ತಾಗುತ್ತದೆಂದು ಲೆಕ್ಕ ಹಾಕುವುದು ಸುಲಭ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನವರೊಬ್ಬರು 1892ರಲ್ಲಿ ಹೇಳಿದ ಲೆಕ್ಕ: ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕುಕ್ಕೆಯಿಂದ ಕುಮಾರ ಪರ್ವತಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್, ಏರು ಸಾವಿರದ ಐನೂರು ಮೀಟರಿಗೂ ಹೆಚ್ಚು. ಎಲ್ಲೂ ಕೂರದೆ ನಡೆದರೂ ಐದು ಗಂಟೆ. ನಮ್ಮ ಮಂಡಿಗಳಿಗೆ, ಬೆನ್ನಿನ ಚೀಲಕ್ಕೆ, ಉಂಬಳ ಕೀಳುವುದಕ್ಕೆ ಎಂದು ಸೇರಿಸಿದರೆ ಎಂಟಾಯಿತು. ಈ ಲೆಕ್ಕ ಗೊತ್ತಿದ್ದರೆ "ಇನ್ನೇನು ಬಂತು, ಹತ್ತೇ ನಿಮಿಷ" ಎಂದು ಬೆಳಗಿನಿಂದ ಸಂಜೆಯವರೆಗೆ ಸುಳ್ಳು ಹೇಳುವ ನಾಯಕರನ್ನು ನಿಲ್ಲಿಸಿ ಕೇಳಬಹುದು. ಎಲ್ಲಿ ನೀರಿದೆ, ಎಲ್ಲಿ ಮರೆಯಿದೆ, ಎಲ್ಲಿಂದ ವಾಪಸು ತಿರುಗಿದರೆ ಕತ್ತಲಾಗುವುದರೊಳಗೆ ಇಳಿಯಬಹುದು ಎಂದು ಮೊದಲೇ ಗುರುತು ಹಾಕಿ ಯಂತ್ರಕ್ಕೆ ತುಂಬಿಸಿಕೊಂಡು ಹೋಗಬಹುದು. 'ಎಲ್ಲಿ ಮರೆಯಿದೆ' ಎಂಬುದನ್ನು ಗಂಡಸರು ಹಾಕಿದ ಯಾವ ದಾರಿಯಲ್ಲೂ ನಾನು ಇವತ್ತಿನವರೆಗೆ ಕಂಡಿಲ್ಲ.

ಯಂತ್ರವನ್ನು ಹೊಗಳಿ ನಿಲ್ಲಿಸಿದರೆ ನಾನೂ ಅಂಗಡಿಯವಳಾದೇನು. ಇದಕ್ಕೂ ಮೊದ್ದುತನವಿದೆ. ಗುರುತಿನ ಕಡೆಗೆ ಬಾಣ ತೋರಿಸುವಾಗ ಅದು ನೇರಗೆರೆಯಲ್ಲಿ ತೋರಿಸುತ್ತದೆ. ನಡುವೆ ಕಮರಿ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ಹಕ್ಕಿಗಾದರೆ ಸರಿ, ನಮಗೆ ರೆಕ್ಕೆಯಿಲ್ಲ. ನನ್ನದು ಅಗ್ಗದ ಮಾದರಿ, ಒಳಗೆ ದಿಕ್ಸೂಚಿಯಿಲ್ಲ. ನಡೆಯುತ್ತಿದ್ದರೆ ಮಾತ್ರ ಬಾಣ ಸರಿ, ನಿಂತರೆ ಅದಕ್ಕೇ ಮಂಕು ಬಡಿಯುತ್ತದೆ. ದಟ್ಟ ಕಾಡಿನಲ್ಲಿ, ಎತ್ತರದ ಬಂಡೆಗಳ ನಡುವೆ ಸಂಕೇತ ಚದುರಿ ಗೆರೆ ಕುಡಿದವನ ಹೆಜ್ಜೆಯ ಹಾಗಾಗುತ್ತದೆ. ಹಳೆಯ ಟೋಪೋಶೀಟಿನ ಅಂಕೆಗಳನ್ನು ಹಾಗೇ ತುಂಬಿದರೆ ನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಆ ನಕ್ಷೆಗಳು ಎವರೆಸ್ಟ್ ಸಾಹೇಬರು 1830ರಲ್ಲಿ ಹಾಕಿದ ಭೂಮಿಯ ಅಳತೆಯ ಮೇಲೆ ನಿಂತಿವೆ, ಯಂತ್ರ ನಡೆಯುವುದು 1984ರ ಅಳತೆಯ ಮೇಲೆ. ಯಂತ್ರದ ಸೆಟ್ಟಿಂಗಿನಲ್ಲಿ ಇದನ್ನು ಬದಲಾಯಿಸಬಹುದು, ಗೊತ್ತಿರಬೇಕಷ್ಟೆ. ಕುರುಡಾಗಿ ನಂಬಿದರೆ ಏನಾಗುತ್ತದೆಂದು ರಸ್ತೆಯ ಮೇಲೆ ನೋಡಿದ್ದೇವೆ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ನಕ್ಷೆ ತೋರಿಸಿದ ದಾರಿಯೆಂದು ಅರ್ಧ ಕಟ್ಟಿದ ಸೇತುವೆ ಹತ್ತಿದ ಕಾರು ಹೊಳೆಗೆ ಬಿದ್ದು ಮೂವರು ಸತ್ತರು. ಹಾಗಾಗಿ ಗ್ಲಾಡಿಸ್ ಅಜ್ಜಿಯ ಮಾತು ಕೇಳಿ ಚೀಲದಲ್ಲಿ ಒಂದು ಕಾಗದದ ನಕ್ಷೆ, ಒಂದು ಹಳೆಯ ಸೂಜಿಯ ದಿಕ್ಸೂಚಿ, ಕೊರಳಲ್ಲಿ ಒಂದು ಸೀಟಿ. ಇವಿಲ್ಲದೆ ನಾನು ಹೊರಡುವುದಿಲ್ಲ.

ಈ ದೋಷಗಳನ್ನೇ ಹಿಡಿದುಕೊಂಡು ಇನ್ನೊಂದು ಗುಂಪು ನನ್ನ ಮೇಲೆ ಬೀಳುತ್ತದೆ. ಅವರು ಕಾಡಿನ ಕವಿಗಳು. "ಯಂತ್ರ ನೋಡಿಕೊಂಡು ನಡೆದರೆ ಕಾಡಿನ ನಿಗೂಢತೆ ಹೋಯಿತಲ್ಲ, ಕಳೆದುಹೋಗುವ ಸುಖವೇ ಸುಖ" ಎನ್ನುತ್ತಾರೆ. ಕಳೆದುಹೋಗುವ ಸುಖ! ಕಳೆದುಹೋದರೆ ಮರುದಿನ ಬಂದು ಕಥೆ ಹೇಳಬಹುದೆಂಬ ಭರವಸೆ ಇರುವವರ ಸುಖ ಅದು. ಕಾಡಿನಲ್ಲಿ ಒಬ್ಬಳೇ ಒಂದು ರಾತ್ರಿ ಕಳೆದ ಹೆಂಗಸು ಊರಿಗೆ ಬಂದರೆ ಅವಳ ಸಾಹಸವನ್ನು ಯಾರೂ ಕೇಳುವುದಿಲ್ಲ. "ರಾತ್ರಿ ಎಲ್ಲಿದ್ದೆ, ಯಾರ ಜೊತೆಗಿದ್ದೆ" ಎಂದೇ ಕೇಳುತ್ತಾರೆ. ಲಂಡನ್ನಿನ ಟ್ಯಾಕ್ಸಿ ಚಾಲಕರ ಉದಾಹರಣೆಯನ್ನೂ ಇವರು ಕೊಡುತ್ತಾರೆ. ಊರಿನ ಬೀದಿಗಳನ್ನೆಲ್ಲ ನೆನಪಿಟ್ಟುಕೊಂಡ ಆ ಚಾಲಕರ ಮಿದುಳಿನಲ್ಲಿ ನೆನಪಿಗೆ ಸಂಬಂಧಿಸಿದ ಒಂದು ಭಾಗ ಹಿಂಬದಿಯಲ್ಲಿ ದೊಡ್ಡದಾಗಿತ್ತೆಂದು 2000ದಲ್ಲಿ ಪ್ರಕಟವಾದ ಅಧ್ಯಯನ ನಿಜವೇ. ಅದನ್ನು ಮಾಡಿದ ಎಲೀನರ್ ಮ್ಯಾಗ್ವೈರ್ ಕೂಡ ಹೆಂಗಸು. ದಾರಿಯನ್ನು ಬೇರೆಯವರಿಗೆ ಒಪ್ಪಿಸಿದರೆ ಬುದ್ಧಿ ಮಂಕಾದೀತೆಂಬ ಭಯವನ್ನು ನಾನೂ ಒಪ್ಪುತ್ತೇನೆ. ಆದರೆ ನಾವು ಯಂತ್ರ ಬರುವ ಮೊದಲೇ, ತಲೆತಲಾಂತರದಿಂದ, ಮುಂದೆ ನಡೆಯುವ ಬೆನ್ನಿಗೆ ದಾರಿ ಒಪ್ಪಿಸಿದ್ದೆವಲ್ಲ? ಆಗ ನಮ್ಮ ಮಿದುಳಿನ ಬಗ್ಗೆ ಯಾರಿಗೂ ಕನಿಕರ ಹುಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಯಂತ್ರ ಬಂದ ಮೇಲೆಯೇ ನಾನು ದಾರಿ ನೋಡಲು ಕಲಿತದ್ದು. ಗುರುತು ಹಾಕಬೇಕೆಂದರೆ ತಲೆಯೆತ್ತಿ ಸುತ್ತ ನೋಡಲೇಬೇಕು.

ಇಷ್ಟು ಹೇಳಿದವಳು ಕಾಡಿನ ಪರವಾಗಿ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಕೈಯಲ್ಲಿ ಗೆರೆಯಿದೆಯೆಂದು ಮುಚ್ಚಿದ ದಾರಿಗೆ ನುಗ್ಗುವವರು ಹೆಚ್ಚಾಗಿದ್ದಾರೆ. 2024ರ ಜನವರಿಯಲ್ಲಿ ರಜೆಯ ದಿನ ಕುಮಾರ ಪರ್ವತದಲ್ಲಿ ಜಾತ್ರೆಯ ಹಾಗೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಚಾರಣಗಳನ್ನು ತಡೆದು, ಅದೇ ವರ್ಷ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನರೆಂದು ಮಿತಿ ಹಾಕಿತು. ಸರಿಯಾಗಿಯೇ ಮಾಡಿತು. ಯಂತ್ರ ಅನುಮತಿಪತ್ರವಲ್ಲ, ಸ್ಥಳೀಯ ಗೈಡಿನ ಕೂಲಿ ಉಳಿಸುವ ಉಪಾಯವೂ ಅಲ್ಲ. ಇನ್ನೊಂದು: ಉಪಗ್ರಹದ ಮೂಲಕ ಸಂದೇಶ ಕಳಿಸುವ ಯಂತ್ರಗಳಿಗೆ ನಮ್ಮ ದೇಶದಲ್ಲಿ ಸರಕಾರದ ಅನುಮತಿ ಬೇಕು. ಅನುಮತಿಯಿಲ್ಲದೆ ತಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಹಾಕಿಕೊಂಡ ವಿದೇಶಿ ಚಾರಣಿಗರಿದ್ದಾರೆ. ಸಂಕೇತ ಪಡೆಯುವುದಷ್ಟೇ ಮಾಡುವ ನನ್ನದರಂಥ ಯಂತ್ರಕ್ಕೆ ಆ ತೊಡಕಿಲ್ಲ. ಅಮೆರಿಕದ ಮಗ ಪ್ರೀತಿಯಿಂದ ಕಳಿಸುತ್ತೇನೆಂದರೆ ಯಾವುದು ಎಂದು ಕೇಳಿ ತರಿಸಿಕೊಳ್ಳಿ.

ನಾಯಕರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಚಾರಣ ತಂಡ ಕಟ್ಟುವ ಎಲ್ಲರಿಗೂ ಒಂದು ಮಾತು. ಹೆಂಗಸರಿಂದ ಗಂಡಸರಷ್ಟೇ ದುಡ್ಡು ತೆಗೆದುಕೊಳ್ಳುತ್ತೀರಿ. ಹೊರಡುವ ಹಿಂದಿನ ಸಂಜೆ ಅರ್ಧ ಗಂಟೆ ಕೂರಿಸಿ ನಕ್ಷೆ ತೋರಿಸಿ. ದಾರಿಯ ಫೈಲನ್ನು ಪ್ರತಿಯೊಬ್ಬರ ಫೋನಿಗೂ ಹಾಕಿಸಿ. ಸಾಲಿನ ಕೊನೆಗೆ ಒಬ್ಬ ಹೆಂಗಸು ಯಂತ್ರ ಹಿಡಿದು ಬರಲಿ, ಯಾರು ಪಕ್ಕಕ್ಕೆ ಹೋದರೂ ಅವಳು ನಿಲ್ಲಲಿ. ಇದಕ್ಕೆ ಖರ್ಚಿಲ್ಲ. ಇದನ್ನು ನಾನು ಎರಡು ತಂಡದವರಿಗೆ ಹೇಳಿ ನೋಡಿದೆ. ಒಬ್ಬರು "ಖಂಡಿತಾ ಮೇಡಂ" ಎಂದು ಮರೆತರು. ಇನ್ನೊಬ್ಬರು "ಹೆಂಗಸರಿಗೆ ಬೇರೆ ಈಸಿ ಟ್ರೆಕ್ ಇಡ್ತೀವಿ" ಎಂದರು. ನನ್ನ ಪ್ರಶ್ನೆ ಅವರಿಗೆ ಅರ್ಥವಾಗಲೇ ಇಲ್ಲ.

ಆದ್ದರಿಂದ ನಾವು ಏಳು ಜನ ಬೇರೆಯೇ ಹೋಗುತ್ತೇವೆ. ಯಂತ್ರ ಮೂರಿವೆ. ಸರದಿಯ ಮೇಲೆ ಒಬ್ಬೊಬ್ಬರು ದಾರಿ ಹಾಕಬೇಕೆಂದು ನಿಯಮ. ಮೊದಲು ನಮ್ಮೂರ ಕೆರೆ ಏರಿಯ ಮೇಲೆ, ಆಮೇಲೆ ಹತ್ತಿರದ ಗುಡ್ಡದಲ್ಲಿ ಬೇಕೆಂದೇ ದಾರಿ ತಪ್ಪಿ ವಾಪಸು ಬರುವ ಅಭ್ಯಾಸ ಮಾಡಿದೆವು. ಏರಿಯ ಮೇಲೆ ಹಾಲಿನವರು "ಏನಮ್ಮಾ, ಏನು ಕಳ್ಕೊಂಡ್ರಿ?" ಎಂದು ಕೇಳಿದ್ದುಂಟು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೊದಲ ಸಲ ಮುಂದೆ ನಡೆದಾಗ ಎಷ್ಟು ಬೆವೆತರೆಂದರೆ ನಮಗೇ ಗಾಬರಿಯಾಯಿತು. ಈಗ ಅವರ ಹಿಂದೆ ನಡೆಯುವುದೇ ಕಷ್ಟ, ಅಷ್ಟು ಜೋರು.

ಮುಂದಿನ ತಿಂಗಳು ಕೊಡಚಾದ್ರಿ. ದಾರಿ ಹಾಕುವ ಸರದಿ ನಾದಿನಿಯದು. ಮೊನ್ನೆ ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. ಹಿಂದೆ ಅವಳ ಗಂಡ ಟಿ.ವಿ. ಸದ್ದು ಕಡಿಮೆ ಮಾಡುತ್ತಿದ್ದದ್ದು ಕೇಳಿಸಿತು. ನಾಗೋಡಿಯ ಕಡೆಯಿಂದ ಹತ್ತುವುದಾದರೆ ಕೊನೆಯ ಮರೆ ಎಲ್ಲಿ ಸಿಗುತ್ತದೆಂದು ಕೇಳಿದಳು. ನಕ್ಷೆ ತೆಗೆದು ಇಬ್ಬರೂ ನೋಡಿದೆವು. ಹುಲ್ಲುಗಾವಲು ಶುರುವಾಗುವುದಕ್ಕೆ ಮುಂಚೆ ಒಂದು ಕಾಡಿನ ಪಟ್ಟಿಯಿದೆ, ಅಲ್ಲೇ ಗುರುತು ಹಾಕೆಂದೆ.

"ಹಾಕಿದೆ ಅತ್ತಿಗೆ," ಎಂದಳು. "ಸೆಲ್ಲು ಎರಡು ಸಾಕಾ, ನಾಲ್ಕು ತಗೊಳ್ಳಲಾ?"

"ನಾಲ್ಕು ತಗೋ," ಎಂದೆ. "ಚಕ್ಕುಲೀನೂ ಎಣಿಸಿ ಕಟ್ಟು."